ಭಯದ ನೆಲಮಟ್ಟ

ಅಧ್ಯಕ್ಷರ ಆಪ್ತ ಕಾರ್ಯದರ್ಶಿ ಅನಂತ ಪೋತದಾರ ಮಾಪನಾಲಯಕ್ಕೆ ಬಂದಾಗ ನೀಲಾಂಬಿಕಾ ಹೂಗಾರ ಯಂತ್ರದ ಬೆನ್ನು ಬಿಚ್ಚಿ ಧೂಳು ಒರೆಸುತ್ತಿದ್ದಳು. ಬರುವುದನ್ನು ಅವನು ಮುಂಚಿತವಾಗಿ ತಿಳಿಸಿರಲಿಲ್ಲ.

“ಏನೂ ಗಡಿಬಿಡಿ ಇಲ್ಲ. ನಿಮ್ಮ ಕೆಲಸ ಮುಗಿಸ್ರಿ, ನಾ ಕೂಡ್ತೀನಿ,” ಎಂದು ಕುರ್ಚಿ ಎಳೆದುಕೊಂಡ.

ಬಯಲುನಾಡು ಗಣರಾಜ್ಯದಲ್ಲಿ ಆ ಯಂತ್ರವನ್ನು ಅರಿಯದವರಿರಲಿಲ್ಲ. ನಲವತ್ತು ವರ್ಷಗಳ ಹಿಂದೆ ಸೈನ್ಯದ ಕೆಲವರು ಆಗಿನ ಮುಖ್ಯ ನ್ಯಾಯಮೂರ್ತಿಯ ಹಣೆಗೆ ಪಿಸ್ತೂಲು ಹಿಡಿದು, ಸಂಸತ್ತನ್ನು ವಿಸರ್ಜಿಸುವ ಆದೇಶಕ್ಕೆ ಸಹಿ ಹಾಕಿಸಿಕೊಂಡಿದ್ದರು. ಸಹಿ ಅಸಲಿಯೇ ಆಗಿದ್ದರಿಂದ ಆದೇಶ ನಡೆಯಿತು, ದೇಶ ಆರು ವರ್ಷ ನರಳಿತು. ಮತ್ತೆ ಚುನಾಯಿತ ಸರ್ಕಾರ ಬಂದಾಗ ಮಾಡಿದ ಮೊದಲ ಕಾನೂನೇ ಅಭಯಮುದ್ರೆಯದು. ಹೆದರಿದ ಕೈ ಹಾಕಿದ ಸಹಿ ಸಹಿಯಲ್ಲ ಎಂದಿತು ಆ ಕಾನೂನು.

ಅಭಯಮುದ್ರೆ ಎಂದರೆ ಊಟದ ತಟ್ಟೆಯಷ್ಟು ಅಗಲದ ಒಂದು ಲೋಹದ ಫಲಕ. ಉನ್ನತ ಪದವಿಯಲ್ಲಿರುವವರು ಬಲಗೈಯಲ್ಲಿ ಸಹಿ ಮಾಡುವಾಗ ಎಡ ಅಂಗೈಯನ್ನು ಅದರ ಮೇಲಿಡಬೇಕು. ಬೆವರು, ನಾಡಿಯ ಲಯ, ಬೆರಳ ತುದಿಯ ಬಿಸಿ, ಚರ್ಮದಡಿಯ ಸಣ್ಣ ನಡುಕ ಎಲ್ಲವನ್ನೂ ಅಳೆದು ಅದು ಒಂದು ಅಂಕಿ ಕೊಡುತ್ತದೆ. ಆದರೆ ಒಬ್ಬೊಬ್ಬರ ಮೈ ಒಂದೊಂದು ಥರ. ಅದಕ್ಕಾಗಿ ಪದವಿಗೆ ಬಂದವರು ಮೊದಲು ಮೂರು ದಿನ ಮಾಪನಾಲಯದಲ್ಲಿ ನೆಮ್ಮದಿಯಿಂದ ಕೂತು ತಮ್ಮ ಸಹಜ ಸ್ಥಿತಿಯನ್ನು ಅಳೆಸಿಕೊಳ್ಳಬೇಕು. ಅದೇ ಅವರ ನೆಲಮಟ್ಟ. ಸಹಿಯ ಹೊತ್ತಿಗೆ ಅಂಕಿ ನೆಲಮಟ್ಟದ ಹತ್ತಿರವಿದ್ದರೆ ಹಸಿರು ದೀಪ. ಬಹಳ ಮೇಲೆ ಹೋದರೆ ಹೆದರಿಕೆ. ಬಹಳ ಕೆಳಗೆ ಹೋದರೆ ಯಾರೋ ಮದ್ದು ಕುಡಿಸಿದ್ದಾರೆ. ಎರಡಕ್ಕೂ ಕೆಂಪು. ಒಮ್ಮೆ ನೆಲಮಟ್ಟ ದಾಖಲಾದರೆ ಯಂತ್ರ ಒಂದು ವರ್ಷದ ಮಟ್ಟಿಗೆ ತಾನೇ ಬೀಗ ಹಾಕಿಕೊಳ್ಳುತ್ತದೆ; ದೇವರು ಬಂದರೂ ತೆರೆಯುವಂತಿಲ್ಲ.

ನೀಲಾಂಬಿಕಾ ಹದಿನಾರು ವರ್ಷಗಳಿಂದ ಅಲ್ಲಿ ಪ್ರಧಾನ ಮಾಪಕಿ. ಹಿಂದಿನ ತಿಂಗಳು ಚುನಾವಣೆಯನ್ನು ಮುಂದೂಡುವ ಆದೇಶಕ್ಕೆ ಚುನಾವಣಾ ಆಯುಕ್ತ ಪರಪ್ಪ ಗುಡಗುಂಟಿ ಸಹಿ ಹಾಕಿದಾಗ ಕೆಂಪು ದೀಪ ಹತ್ತಿತ್ತು. ಅಧ್ಯಕ್ಷ ವೀರಭದ್ರ ಕೊಂಗನೂರರ ಎರಡನೆಯ ಅವಧಿ ಮುಗಿಯುತ್ತ ಬಂದಿತ್ತು. ಚುನಾವಣೆಯಿಲ್ಲದೆ ಅವರು ಮುಂದುವರಿಯಬೇಕಾದರೆ ಚುನಾವಣಾ ಆಯುಕ್ತ, ಸೇನಾಧಿಪತಿ, ಮುಖ್ಯ ನ್ಯಾಯಮೂರ್ತಿ, ಈ ಮೂವರ ಹಸಿರು ಸಹಿ ಬೇಕಿತ್ತು.

“ಯಂತ್ರ ಹಳೇದಾಗೇದ,” ಎಂದ ಪೋತದಾರ. “ಗುಡಗುಂಟಿಯವರ ನೆಲಮಟ್ಟ ಅಳದು ಏಳು ವರ್ಷಾತು. ಅವರಿಗೀಗ ಬೀಪಿ, ಸಕ್ಕರಿ ಎರಡೂ ಅವ. ಪಾಪ, ಸುಮ್ಮನ ಕೆಂಪು ಬಂತು. ಎಲ್ಲಾರದೂ ಹೊಸದಾಗಿ ಅಳದುಬಿಡೋಣ.”

ಮಾತು ತಾಂತ್ರಿಕವಾಗಿ ತಪ್ಪಾಗಿರಲಿಲ್ಲ. ವಯಸ್ಸಾದಂತೆ ಮೈ ಬದಲಾಗುತ್ತದೆ ಎಂದು ಅವಳೇ ಎರಡು ಸಲ ವರದಿ ಬರೆದಿದ್ದಳು.

“ಆಗ್ಲಿ ಸರ್. ಯಾರಿಂದ ಶುರು ಮಾಡೂನ್ರಿ?”

“ನಿಮ್ಮಿಂದನ. ಪ್ರಮಾಣಪತ್ರಕ್ಕ ಸಹಿ ಹಾಕೋರು ನೀವಲ್ಲೇನು? ನಾಳೆ ನಮ್ಮ ಇಬ್ಬರು ಡಾಕ್ಟರು ಬರ್ತಾರ.” ಏಳುತ್ತ ಅವನು ಮುಗುಳ್ನಕ್ಕ. “ಅಂದಂಗ, ನಿಮ್ಮ ಮಗಳು ಗೌರಾ ಭಾಳ ಚಂದ ಚಿತ್ರ ತಗೀತಾಳಂತಲ್ಲ? ಅಧ್ಯಕ್ಷರ ಬೆಟ್ಟದ ಬಂಗ್ಲೆದಾಗ ಮಕ್ಕಳ ಶಿಬಿರ ನಡದದ. ಆಕಿ ಹೆಸರೂ ಬಂದದ.”

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಗೌರಾ ಆಗಲೇ ಹೋಗಿದ್ದಳು. ಹನ್ನೊಂದು ವರ್ಷದ ಹುಡುಗಿ. ಶಾಲೆಯಿಂದಲೇ ಕಾರು ಬಂದು ಕರೆದುಕೊಂಡು ಹೋಗಿತ್ತು. ನೀಲಾಂಬಿಕೆಯ ಗಂಡ ಚನ್ನಮಲ್ಲ ಸರಕು ರೈಲಿನ ಚಾಲಕ. ಗಡಿಯಾಚೆಯ ರೈಲು ನಿಲ್ದಾಣಕ್ಕೆ ಸುಣ್ಣದ ಕಲ್ಲು ಮುಟ್ಟಿಸಿ ಆಗಷ್ಟೇ ಮರಳಿದ್ದವನು ಅಂಗಳದಲ್ಲಿ ಕಾಲು ತೊಳೆಯುವುದನ್ನೂ ಮರೆತು ನಿಂತಿದ್ದ.

“ನೀ ಹೂಂ ಅಂದಿದ್ದೇನು?” ಎಂದು ಕೇಳಿದ.

“ಇಲ್ಲ. ಸಾಲಿಯವ್ರು ನಿಮಗ ಕೇಳಿದ್ರೇನು?”

“ನನಗ ಯಾರ್ ಕೇಳ್ತಾರ? ಬಟ್ಟಿ ಸೈತ ಒಯ್ದಿಲ್ಲ ಹುಡುಗಿ.”

ನಾಲ್ಕು ಗಂಟೆಗೆ ಫೋನು ಬಂತು. ತೆರೆಯ ಮೇಲೆ ಗೌರಾ ಹೊಸ ಅಂಗಿ ತೊಟ್ಟು ಕೂತಿದ್ದಳು. “ಅವ್ವಾ, ಇಲ್ಲಿ ಜೋಕಾಲಿ ಐತಿ. ಊಟಾನೂ ಛಲೋ ಐತಿ,” ಎಂದಳು, ಪಾಠ ಒಪ್ಪಿಸಿದಂತೆ. ಅವಳ ಹೆಗಲ ಮೇಲೆ ಒಂದು ಕೈ ಇತ್ತು. ಕೈಯ ಹಿಂದಿನ ಮುಖ ಕಾಣಿಸಲಿಲ್ಲ. ಅಂದಿನಿಂದ ದಿನವೂ ನಾಲ್ಕಕ್ಕೆ ಆ ಫೋನು ಬರುತ್ತಿತ್ತು.

ಮರುದಿನದಿಂದ ಮೂರು ದಿನ ನೀಲಾಂಬಿಕಾ ತಾನೇ ಫಲಕದ ಮುಂದೆ ಕೂತಳು. ನೆಮ್ಮದಿಯಿಂದಿರಬೇಕೆಂದು ಉಸಿರು ಎಳೆದು ಬಿಟ್ಟಳು, ನೂರರಿಂದ ಹಿಂದಕ್ಕೆ ಎಣಿಸಿದಳು. ಕಣ್ಣು ಮುಚ್ಚಿದರೆ ಆ ಕೈ. ಅಂಗೈ ಒದ್ದೆಯಾಗಿ ಫಲಕ ಜಾರುತ್ತಿತ್ತು. ಹೊಸ ಡಾಕ್ಟರರು ಅದನ್ನು ಒರೆಸಲಿಲ್ಲ, ಏನಾಗಿದೆ ಎಂದು ಕೇಳಲೂ ಇಲ್ಲ. ಮೂರನೆಯ ದಿನ ಯಂತ್ರ ಆ ಬೆವರು, ಆ ನಾಡಿ, ಆ ನಡುಕವನ್ನೇ ಅವಳ ಸಹಜ ಸ್ಥಿತಿ ಎಂದು ದಾಖಲಿಸಿಕೊಂಡು ಬೀಗ ಹಾಕಿಕೊಂಡಿತು.

ಆಮೇಲೆ ಪರಪ್ಪ ಗುಡಗುಂಟಿ ಬಂದರು. ಹಿಂದೆಲ್ಲ ಅಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತ ಹರಟೆ ಹೊಡೆಯುತ್ತಿದ್ದ ಮನುಷ್ಯ, ಈಗ ಗೋಡೆ ನೋಡುತ್ತ ಕೂತರು. ನಕ್ಷೆಯ ಗೆರೆ ಮೇಲೆಯೇ ತೇಲುತ್ತಿತ್ತು.

“ಸಾಹೇಬ್ರ, ಆರಾಮ ಇಲ್ಲೇನ್ರಿ? ಬೇಕಂದ್ರ ಮುಂದಿನ ವಾರ ಕೂಡೂನು,” ಎಂದಳು ನೀಲಾಂಬಿಕಾ.

“ಬ್ಯಾಡವ್ವ. ಈಗ ಆಗ್ಲಿ.” ಗೋಡೆಯಿಂದ ಕಣ್ಣು ಕೀಳದೆ ಅವರೇ ಹೇಳಿದರು. “ಮೊಮ್ಮಕ್ಕಳು ಇಬ್ರೂ ಬೆಟ್ಟದ ಬಂಗ್ಲೆಕ್ಕ ಹೋಗ್ಯಾರ. ಸಣ್ಣಾವಗ ದಮ್ಮಿನ ಬ್ಯಾನಿ. ಔಷಧ ಮನಿಯಾಗ ಬಿಟ್ಟು ಹೋಗ್ಯಾನ.”

ಸೇನಾಧಿಪತಿ ದುರ್ಗೋಜಿ ಮೂರು ದಿನ ಬಾಯಿ ಬಿಡದೆ ಕೂತು ಎದ್ದುಹೋದರು. ಅವರ ಅವಳಿ ಹೆಣ್ಣುಮಕ್ಕಳೂ ಶಿಬಿರದಲ್ಲಿದ್ದರೆಂದು ಅವರ ಚಾಲಕ ಹೇಳಿದ.

ಅಷ್ಟರಲ್ಲಿ ನೀಲಾಂಬಿಕೆಗೆ ಎಲ್ಲ ತಿಳಿದಿತ್ತು. ಹೆದರಿದವರನ್ನು ಕೂರಿಸಿ ಅಳೆದರೆ ಹೆದರಿಕೆಯೇ ಸೊನ್ನೆಯಾಗುತ್ತದೆ. ಇನ್ನು ಆ ಹೆದರಿಕೆ ಇರುವವರೆಗೂ ಹಸಿರು. ಯಾವತ್ತಾದರೂ ಧೈರ್ಯ ಬಂದರೆ ಆಗ ಕೆಂಪು.

ಅವರಿಬ್ಬರ ಪ್ರಮಾಣಪತ್ರಗಳಲ್ಲಿ ‘ಸಹಜ ಸ್ಥಿತಿಯಲ್ಲಿ ಅಳೆಯಲಾಗಿದೆ’ ಎಂಬ ಸಾಲಿತ್ತು. ಸುಳ್ಳಿಗೆ ಸಹಿ ಹಾಕುವಾಗ ತನ್ನ ಕೈಯಾದರೂ ನಿಜ ಹೇಳೀತು ಎಂಬ ಆಸೆ ಅವಳಿಗೆ ಒಳಗೊಳಗೇ ಇತ್ತು. ಎಡ ಅಂಗೈಯನ್ನು ಫಲಕದ ಮೇಲಿಟ್ಟು ಸಹಿ ಹಾಕಿದಳು. ಹಸಿರು ಹತ್ತಿತು.

ಕೊನೆಗೆ ಬಂದವರು ಮುಖ್ಯ ನ್ಯಾಯಮೂರ್ತಿ ಜೈನಾಬಿ ಮುಲ್ಲಾ. ಅರವತ್ತೇಳು ವರ್ಷ. ಮಕ್ಕಳಿರಲಿಲ್ಲ, ಗಂಡ ತೀರಿ ಬಹಳ ಕಾಲವಾಗಿತ್ತು. ಬೆಟ್ಟದ ಬಂಗಲೆಗೆ ಕರೆಸಿಕೊಳ್ಳಲು ಅವರಿಗೆ ಯಾರೂ ಇರಲಿಲ್ಲ. ಒಂದು ಚೀಲದಲ್ಲಿ ಹಳೆಯ ಸೀರೆಯ ತುಂಡುಗಳನ್ನು ತಂದು, ಒಂದು ಕೈಯನ್ನು ಫಲಕದ ಮೇಲಿಟ್ಟುಕೊಂಡೇ ಇನ್ನೊಂದು ಕೈಯಿಂದ ಕೌದಿಗೆ ಬಣ್ಣ ಹೊಂದಿಸುತ್ತ ಕೂತರು. ನಕ್ಷೆಯ ಗೆರೆ ಕೆರೆಯ ನೀರಿನಂತೆ ನಿಂತಿತ್ತು.

ಎರಡನೆಯ ದಿನ ಅವರೇ ಕೇಳಿದರು. “ಯಾಕ ಬೇಟಾ, ನಿನ್ನ ಮಾರಿ ಹಿಂಗ್ಯಾಕಾಗೇತಿ? ಮಕ್ಕಳು ಎಷ್ಟು?”

“ಒಬ್ಬಾಕಿ ರೀ. ಶಿಬಿರಕ್ಕ ಹೋಗ್ಯಾಳ.”

ಜೈನಾಬಿಯವರ ಕೈ ಬಟ್ಟೆಯ ಮೇಲೆ ನಿಂತಿತು. ಮೇಲೆ ನೋಡಿದರು. ಗೋಡೆಯ ಮೂಲೆಯಲ್ಲಿ ಕ್ಯಾಮೆರಾ ಇತ್ತು. ಮತ್ತೇನೂ ಕೇಳದೆ ಹಸಿರು ತುಂಡಿನ ಪಕ್ಕ ಹಳದಿ ತುಂಡು ಇಟ್ಟರು.

ಮೂರನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಪೋತದಾರ ಬಂದು ಬಾಗಿಲು ಮುಚ್ಚಿದ.

“ಐದಕ್ಕ ಬೀಗ ಬೀಳ್ತದಲ್ಲ? ಅಷ್ಟರಾಗ ಒಂದು ಸಣ್ಣ ಕೆಲಸ. ಮುಲ್ಲಾಬಾಯಿಯವರ ಹೆಸರಿನ ಕೆಳಗ ಗುಡಗುಂಟಿಯವರ ನೆಲಮಟ್ಟ ಹಾಕಿಬಿಡ್ರಿ.”

“ಸರ್, ಹಂಗ ಮಾಡಿದ್ರ ಅವರು ಎಷ್ಟು ಸಲ ಕೈ ಇಟ್ರೂ ಕೆಂಪ ಬರತೈತಿ.”

“ಮೂರು ಸಲ ಬಂದ್ರ ಸಾಕು. ಕಾನೂನಿನ ಪ್ರಕಾರ ಪದವಿ ಖಾಲಿ. ಖಾಲಿ ಪದವಿ ನೋಡಿಕೊಳ್ಳೋರು ಅಧ್ಯಕ್ಷರು.” ಅವನ ದನಿ ಏರಲಿಲ್ಲ. “ಮನೀಗೆ ಹೋಗಿ ಊಟ ಮಾಡಿ ಬರ್ರಿ. ಯಜಮಾನ್ರನ್ನೂ ಕೇಳ್ರಿ. ಇವತ್ತಿನ ನಾಕು ಗಂಟೇದ ಫೋನು ನಿಮ್ಮ ಕೆಲಸ ನೋಡಿ ಬರ್ತದ.”

ಚನ್ನಮಲ್ಲ ರೊಟ್ಟಿ ಬಡಿಯುತ್ತಿದ್ದ. ಅವಳು ಹೇಳಿದ್ದನ್ನು ಕೇಳಿ ಒಲೆ ಆರಿಸಿದ.

“ಆ ಮುದುಕಿ ಏನ್ ತಪ್ಪ ಮಾಡ್ಯಾಳ?” ಎಂದ.

“ಏನೂ ಮಾಡಿಲ್ಲ. ಆಕಿ ಒಬ್ಬಾಕೀಗೇ ಹೆದರಿಕಿ ಇಲ್ಲ.”

ಅವನು ಹಿಟ್ಟಿನ ಕೈಯನ್ನು ಅಂಗಿಗೆ ಒರೆಸಿಕೊಂಡ. “ನನಗ ದೇಶದ ಮಾತು ತಿಳಿಯೂದಿಲ್ಲ ನೀಲಾ. ನನ್ನ ಮಗಳು ಬರ್ಲಿ. ಮಾಡಿಬಿಡು. ಪಾಪ ನನಗ ತಟ್ಲಿ.”

ಮೂರೂಕಾಲಿಗೆ ಅವಳು ಮಾಡಿದಳು. ಒಂದು ಕಡತದ ನಕಲು ತೆಗೆದು ಹೆಸರು ಬದಲಿಸುವ ಕೆಲಸ, ಎರಡು ನಿಮಿಷವೂ ಹಿಡಿಯಲಿಲ್ಲ. ನಾಲ್ಕಕ್ಕೆ ಸರಿಯಾಗಿ ಫೋನು ಬಂತು. ಗೌರಾ ಹೊಸ ಬಣ್ಣದ ಪೆಟ್ಟಿಗೆ ತೋರಿಸಿದಳು.

ಹತ್ತು ದಿನಗಳ ಬಳಿಕ ಪರಪ್ಪನವರೂ ದುರ್ಗೋಜಿಯವರೂ ಅಧ್ಯಕ್ಷರ ಮುಂದುವರಿಕೆಗೆ ಹಸಿರು ಸಹಿ ಹಾಕಿದರು. ಮರುದಿನ ಮುಖ್ಯ ನ್ಯಾಯಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀಲಾಂಬಿಕಾ ಪೀಠದ ಎದುರಿನ ಗಾಜಿನ ಕೋಣೆಯಲ್ಲಿ ನಿಯಂತ್ರಣ ಫಲಕದ ಮುಂದೆ ಕೂತಿದ್ದಳು. ಜೈನಾಬಿಯವರು ಇಪ್ಪತ್ತು ನಿಮಿಷ ತೀರ್ಪು ಓದಿದರು. ಕೊನೆಯ ಸಾಲು ಎಲ್ಲರಿಗೂ ಅರ್ಥವಾಗುವಂತಿತ್ತು: ಚುನಾವಣೆಯಿಲ್ಲದೆ ಕೊಂಗನೂರರು ಒಂದು ದಿನವೂ ಅಧ್ಯಕ್ಷರಾಗಿ ಇರುವಂತಿಲ್ಲ.

ಜನ ಕೇಕೆ ಹಾಕಿದರು. ಅವರು ಕೈ ಇಟ್ಟು ಸಹಿ ಹಾಕಿದರು. ಕೆಂಪು.

ಗದ್ದಲ ನಿಂತುಹೋಯಿತು. ಗುಮಾಸ್ತ ಅಂಕಿ ಓದಿದ: “ನೆಲಮಟ್ಟಕ್ಕಿಂತ ನಲವತ್ತೊಂದು ಕೆಳಗೆ.”

“ಮದ್ದು ತಗೊಂಡಾರೇನು?” ಎಂದು ಯಾರೋ ಹಿಂದಿನಿಂದ ಕೇಳಿದರು.

ಎರಡನೆಯ ಸಲವೂ ಕೆಂಪು. ಜೈನಾಬಿಯವರು ದೀಪವನ್ನು ನೋಡಿದರು, ಆಮೇಲೆ ಗಾಜಿನ ಕೋಣೆಯನ್ನು. ನೀಲಾಂಬಿಕಾ ತಲೆ ತಗ್ಗಿಸಿದಳು.

“ದೀಪ ಏನರ ಹೇಳ್ಲಿ,” ಎಂದರು ಜೈನಾಬಿ ಜನರತ್ತ ತಿರುಗಿ. “ನಾ ಮದ್ದೂ ತಗೊಂಡಿಲ್ಲ, ಹೆದರೀನೂ ಇಲ್ಲ. ನಿಮ್ಮ ಕಣ್ಣಿಗೆ ನಾ ಹೆಂಗ ಕಾಣಾಕ ಹತ್ತೀನಿ, ಹೇಳ್ರಿ.”

ಯಾರೂ ಹೇಳಲಿಲ್ಲ. ಮೂವತ್ತನಾಲ್ಕು ವರ್ಷ ಆ ಜನ ದೀಪವನ್ನು ನಂಬಿ ಬದುಕಿದ್ದರು. ಮೂರನೆಯ ಕೆಂಪು ಬಂದಾಗ ಇಬ್ಬರು ಪೊಲೀಸರು ಪೀಠದ ಮೆಟ್ಟಿಲು ಹತ್ತಿ ಅವರ ತೋಳು ಹಿಡಿದು ಇಳಿಸಿ, ಮನೆಗೆ ಕಳಿಸಿದರು. ಮಧ್ಯಾಹ್ನದೊಳಗೆ ಅಧ್ಯಕ್ಷರು ಮುಖ್ಯ ನ್ಯಾಯಮೂರ್ತಿಯ ಹೊಣೆಯನ್ನೂ ವಹಿಸಿಕೊಂಡು, ತಮ್ಮ ಮುಂದುವರಿಕೆಗೆ ತಾವೇ ಮೂರನೆಯ ಸಹಿ ಹಾಕಿದರು. ಅವರ ನೆಲಮಟ್ಟವನ್ನು ಯಾರೂ ಹೊಸದಾಗಿ ಅಳೆದಿರಲಿಲ್ಲ.

ಆ ಶನಿವಾರ ಗೌರಾ ಮನೆಗೆ ಬಂದಳು. ಮೈ ತುಂಬಿಕೊಂಡಿದ್ದಳು. ಆದರೆ ನೀರು ಕುಡಿಯಲೂ ಅಪ್ಪಣೆ ಕೇಳುತ್ತಿದ್ದಳು. ಬಾಗಿಲು ಸದ್ದಾದರೆ ಎದ್ದು ಗೋಡೆಗೆ ಆತು ನಿಲ್ಲುತ್ತಿದ್ದಳು. ಮೂರನೆಯ ದಿನ ಊಟಕ್ಕೆ ಕೂತಾಗ ಕೇಳಿದಳು: “ಅವ್ವಾ, ಆ ಜಡ್ಜ್ ಅಜ್ಜಿ ಖರೇನ ಮದ್ದು ಕುಡದಿದ್ಲಾ? ಶಿಬಿರದಾಗ ಎಲ್ಲಾರ ಕಡೆಯಿಂದ ಹಂಗಂತ ಬರಿಸಿದ್ರು. ನಾನೂ ಬರದೆ.”

ನೀಲಾಂಬಿಕಾ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು.

ಮರುದಿನ ಬೆಳಿಗ್ಗೆ ಅವಳು ಜೈನಾಬಿಯವರ ಮನೆಗೆ ಹೋದಳು. ಮಸೀದಿ ಓಣಿಯ ಎರಡು ಕೋಣೆಯ ಮನೆ. ಮುದುಕಿ ಕಿಟಕಿಯ ಬೆಳಕಿನಲ್ಲಿ ಕೌದಿ ಹೊಲಿಯುತ್ತಿದ್ದರು. ನೀಲಾಂಬಿಕಾ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಶಿಬಿರ, ನೆಲಮಟ್ಟ, ಹೆಸರು ಬದಲಿಸಿದ ಎರಡು ನಿಮಿಷ, ಯಾವುದನ್ನೂ ಬಿಡಲಿಲ್ಲ.

ಜೈನಾಬಿಯವರು ದಾರ ಕಡಿದರು. “ಮಗಳು ಬಂದ್ಲೇನು?”

“ಬಂದಾಳ್ರಿ.”

“ಛಲೋ ಆತು.” ಅವರು ಸೂಜಿ ಕೆಳಗಿಟ್ಟು ಮತ್ತೆ ನ್ಯಾಯಮೂರ್ತಿಯ ದನಿಯಲ್ಲಿ ಕೇಳಿದರು. “ಇದನ್ನ ಬರದು ಕೊಡ್ತೀಯೇನು?”

“ಬರದ್ರ ಯಾರ್ ನಂಬ್ತಾರ್ರಿ? ಫಲಕದ ಮ್ಯಾಲೆ ಕೈ ಇಟ್ರ ನಂದೂ ಈಗ ಕೆಂಪ ಬರತೈತಿ.”

“ಫಲಕ ಇಲ್ಲದ ಕಾಲಕ್ಕೂ ಜನ ಕಾಗದ ಬರದು ಸಹಿ ಹಾಕ್ತಿದ್ರು ಬೇಟಾ. ಓದಿದವರು ನಂಬ್ತಿದ್ರು, ಇಲ್ಲಾ ಬಿಡ್ತಿದ್ರು. ನನ್ನ ಮಾತಾಡಸಾಕ ದಿನಾ ಹತ್ತು ಮಂದಿ ಬರ್ತಾರ. ಅವರ ಕೈಯಾಗ ಕೊಡ್ತೀನಿ. ಆದ್ರ ಮೊದಲ ಮಗಳನ್ನ ನೋಡ್ಕೋ.”

ಮನೆಗೆ ಬಂದು ಗಂಡನಿಗೆ ಹೇಳಿದಳು. ಚನ್ನಮಲ್ಲ ಬೈಯಲಿಲ್ಲ. ಗುರುವಾರ ಅವನ ಪಾಳಿ ಇತ್ತು. ಗಡಿಯಾಚೆಯ ಊರಿನಲ್ಲಿ ಅವನ ತಂಗಿಯಿದ್ದಳು.

“ಗೌರಾನ್ನ ತಂಗೀ ಮನಿಗೆ ಬಿಡ್ತೀನಿ. ನೀನೂ ಬಾ. ಎಂಜಿನ್‌ದಾಗ ಮೂರು ಮಂದಿಗೆ ಜಾಗ ಆಗತೈತಿ,” ಎಂದ.

“ನಾ ಕೆಲಸಕ್ಕ ಹೋಗಲಿಲ್ಲಂದ್ರ ಹತ್ತು ಗಂಟೆಗೆ ಗೊತ್ತಾಗತೈತಿ. ನಿಮ್ಮ ಗಾಡಿ ಗಡಿ ಮುಟ್ಟೂದು ಎರಡಕ್ಕ.”

ಗುರುವಾರ ಬೆಳಿಗ್ಗೆ ನೀಲಾಂಬಿಕಾ ಗೌರಾಳ ಜಡೆ ಹೆಣೆದಳು. ಹುಡುಗಿ ಹೊರಡುವ ಮೊದಲು, “ಅವ್ವಾ, ಹೋಗ್ಲಾ?” ಎಂದು ಅಪ್ಪಣೆ ಕೇಳಿದಳು. ನೀಲಾಂಬಿಕಾ “ಹೋಗಿ ಬಾ” ಎಂದಳು. ಎಂದಿನಂತೆ ಕೆಲಸಕ್ಕೆ ಹೋದಳು. ಐದಕ್ಕೆ ಮಸೀದಿ ಓಣಿಗೆ ಹೋಗಿ ಆರು ಪುಟ ಬರೆದು ಸಹಿ ಹಾಕಿದಳು.

ಭಾನುವಾರ ಅವಳನ್ನು ಹಿಡಿದುಕೊಂಡು ಹೋದರು. ಪೋತದಾರ ಅವಳದೇ ಮಾಪನಾಲಯದಲ್ಲಿ ಕಾದಿದ್ದ. ಮೇಜಿನ ಮೇಲೆ ಒಂದೇ ಸಾಲಿನ ಹೇಳಿಕೆ: ಆ ಕಾಗದ ನನ್ನದಲ್ಲ.

“ಸಹಿ ಹಾಕ್ರಿ, ಮನೀಗೆ ಹೋಗ್ರಿ.”

ಅವಳು ಕೈ ಇಟ್ಟು ಸಹಿ ಹಾಕಿದಳು. ಕೆಂಪು. ನೆಲಮಟ್ಟಕ್ಕಿಂತ ಮೂವತ್ತಾರು ಕೆಳಗೆ.

ಪೋತದಾರ ಅಂಕಿಯನ್ನು ಎರಡು ಸಲ ಓದಿದ. ಅವಳ ಹಳೆಯ ಹೆದರಿಕೆ ಹೋಗಿದೆ ಎಂದು ಅವನಿಗೆ ತಿಳಿಯಿತು. “ನಿಮ್ಮ ಗಂಡ, ಮಗಳು ಗಡಿ ದಾಟಿಲ್ಲ. ಠಾಣೇದಾಗ ಹಿಡದೇವಿ,” ಎಂದ.

ಅವಳ ಕೈ ಫಲಕದ ಮೇಲೆ ಕುಣಿಯತೊಡಗಿತು. ಅವನು ಪೆನ್ನು ತುರುಕಿ ಸಹಿ ಹಾಕಿಸಿದ. ಮತ್ತೆ ಕೆಂಪು. ಈ ಸಲ ಐವತ್ತೆರಡು ಮೇಲೆ.

“ಗೌರಾನ್ನ ತೋರಸ್ರಿ. ಫೋನಿನಾಗರ ತೋರಸ್ರಿ,” ಎಂದು ಅವಳು ಅಂಗಲಾಚಿದಳು. ಅವನು ತೋರಿಸಲಿಲ್ಲ. ಸಂಜೆಯವರೆಗೂ ಕೇಳಿದಳು, ಆಗಲೂ ತೋರಿಸಲಿಲ್ಲ. ಮಗು ಅವನ ಬಳಿ ಇದ್ದಿದ್ದರೆ ಇಷ್ಟು ಹೊತ್ತು ಬಚ್ಚಿಡುವವನಲ್ಲ ಎಂದು ಹೊಳೆದಾಗ ಅವಳ ಉಸಿರು ಮೆಲ್ಲಗೆ ಕೆಳಗಿಳಿಯಿತು. ದೀಪ ಮತ್ತೆ ಕೆಂಪಾಯಿತು.

ಎರಡು ದಿನ, ಹದಿನೇಳು ಸಲ. ಹೊಡೆದರೆ ಅಂಕಿ ಮೇಲೆ ಹೋಗುತ್ತಿತ್ತು, ಬಿಟ್ಟರೆ ಕೆಳಗೆ ಬರುತ್ತಿತ್ತು. ಅವರಿಗೆ ಬೇಕಾಗಿದ್ದು ಮಗಳ ಹೆಗಲ ಮೇಲೆ ಪರರ ಕೈ ಕಂಡ ತಾಯಿಯ ಹೆದರಿಕೆ, ಅದೇ ಅಳತೆಯದು. ಅದನ್ನು ಮತ್ತೆ ತರಿಸಲು ಅವರಿಂದ ಆಗಲಿಲ್ಲ. ನೆಲಮಟ್ಟಕ್ಕೆ ಇನ್ನೂ ಸುಮಾರು ಹನ್ನೊಂದು ತಿಂಗಳು ಬೀಗ. ಪೋತದಾರನ ಅಂಗಿಯ ಬೆನ್ನು ಒದ್ದೆಯಾಗಿತ್ತು. ಅಧ್ಯಕ್ಷರಿಗೆ ಏನೆಂದು ಹೇಳಲಿ ಎಂದು ಅವನು ಡಾಕ್ಟರರನ್ನು ಪಿಸುದನಿಯಲ್ಲಿ ಕೇಳುವುದು ಅವಳಿಗೆ ಕೇಳಿಸಿತು.

ಅಧ್ಯಕ್ಷರಿಗೆ ಕಾಯುವ ತಾಳ್ಮೆ ಇರಲಿಲ್ಲ, ಕಾಯುವ ಅಗತ್ಯವೂ ಇರಲಿಲ್ಲ. ಮುಂದಿನ ವಾರ ಅವರು ಅಭಯಮುದ್ರೆಯ ಕಾನೂನನ್ನೇ ರದ್ದು ಮಾಡಿದರು. ಮುಖ್ಯ ನ್ಯಾಯಮೂರ್ತಿಯಾಗಿ ಆ ರದ್ದತಿಯನ್ನು ತಾವೇ ಎತ್ತಿಹಿಡಿದರು. ದುರ್ಗೋಜಿ ನಿವೃತ್ತರಾದರು, ಸೇನೆಯೂ ಅಧ್ಯಕ್ಷರ ಕೈಗೆ ಬಂತು. ಗುಡಗುಂಟಿಯವರ ಕಚೇರಿಗೆ ಬೀಗ ಬಿತ್ತು. ದೇಶದ ಎಲ್ಲ ಫಲಕಗಳನ್ನೂ ಲಾರಿಯಲ್ಲಿ ತುಂಬಿ ಒಯ್ದರು. ಇನ್ನು ಯಾರ ಕೈ ಹೆದರಿದೆ ಎಂದು ಕೇಳುವವರೇ ಇರಲಿಲ್ಲ.

ನೀಲಾಂಬಿಕೆಯನ್ನು ವಿಚಾರಣೆಯಿಲ್ಲದೆ ಹೆಂಗಸರ ಜೈಲಿಗೆ ಹಾಕಿದರು. ಅಲ್ಲಿ ಯಾರೂ ಅವಳೊಂದಿಗೆ ಮಾತಾಡುವಂತಿರಲಿಲ್ಲ. ಕಾವಲಿನ ಹನಮವ್ವ ದಿನವೂ ರೊಟ್ಟಿ ಒಳಗೆ ತಳ್ಳಿ, ಮುಖ ನೋಡದೆ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಹೋಗದೆ ನಿಂತಳು. ಅತ್ತಿತ್ತ ನೋಡಿ ಕುಪ್ಪಸದೊಳಗಿನಿಂದ ಮಡಿಸಿದ ಹಾಳೆಗಳನ್ನು ತೆಗೆದು ಸರಳಿನ ನಡುವೆ ಚಾಚಿದಳು.

ಅದು ನೀಲಾಂಬಿಕೆಯ ಕಾಗದ. ಆದರೆ ಅಕ್ಷರ ಅವಳದಲ್ಲ. ಯಾರೋ ನಕಲು ಮಾಡಿದ್ದರು. ಅವಳ ಹೆಸರನ್ನು ನೀಲಮ್ಮ ಎಂದು ಬರೆದಿದ್ದರು; ಎರಡು ಕಡೆ ಸಾಲು ಬಿಟ್ಟುಹೋಗಿತ್ತು. ಕೊನೆಯ ಪುಟದ ಕೆಳಗೆ ಬೇರೆ ಬೇರೆ ಶಾಯಿಯಲ್ಲಿ ಅರವತ್ತೋ ಎಪ್ಪತ್ತೋ ಸಹಿಗಳಿದ್ದವು.

“ನಮ್ಮ ಓಣ್ಯಾಗ ಇಂಥಾವ ನಾಕು ತಿರಗಾಡಾಕ ಹತ್ಯಾವ್ರಿ,” ಎಂದಳು ಹನಮವ್ವ. “ನಂಬಿದವ್ರು ಸಹಿ ಹಾಕಿ ಮುಂದ ಕೊಡ್ತಾರ. ನಾನೂ ಹಾಕಬೇಕಂತೀನ್ರಿ. ನಿಮ್ಮ ಮುಂದ.”

“ಹಿಡದ್ರ ಏನ್ ಮಾಡ್ತಾರ ಗೊತ್ತೈತಿಲ್ಲ? ಹೆದರಿಕಿ ಬರೂದಿಲ್ಲೇನು?”

“ಬರಲಾರದ ಏನ್ರಿ? ನೋಡ್ರಿ.” ಹನಮವ್ವ ಪೆನ್ನು ಹಿಡಿದ ಕೈ ತೋರಿಸಿದಳು. ಅದು ಮೊಣಕೈಯವರೆಗೂ ನಡುಗುತ್ತಿತ್ತು. “ಹಿಂಗ ನಡುಗಿದ್ರ ನಡೀತೈತೇನ್ರಿ, ಅಕ್ಕಾರ?”

“ನಡೀತೈತಿ,” ಎಂದಳು ನೀಲಾಂಬಿಕಾ. ಹಾಳೆಯನ್ನು ಸರಳಿಗೆ ಆನಿಸಿ, ಜಾರದಂತೆ ಒಳಗಿನಿಂದ ಎರಡೂ ಅಂಗೈಗಳಿಂದ ಒತ್ತಿ ಹಿಡಿದಳು. ಹನಮವ್ವ ತುಟಿ ಕಚ್ಚಿಕೊಂಡು ಒಂದೊಂದೇ ಅಕ್ಷರ ಬರೆದಳು. ಸಾಲು ಸೊಟ್ಟಗಾಯಿತು. ಆದರೆ ಹೆಸರು ಓದಲು ಬರುವಂತಿತ್ತು.